ಅರ್ಡಾನಾ ಗ್ರಹ ಮತ್ತು ನಮ್ಮ ಕಾಕಾನ ಗುಂಡಿ

ನಮ್ಮೂರು ಹರ್ತಿ. ಗದಗಿನಿಂದ 15 ಕಿಲೋಮೀಟರ್ ಆಸುಪಾಸು. ಬಸವಣ್ಣನ ಜಾತ್ರೆಯಿಂದ ಸುತ್ತಿನ ಸೀಮೆಗೆಲ್ಲ ಗೊತ್ತಿದ್ದ ಊರು. ಚಾಲುಕ್ಯರ ಕಾಲದ ಕೆತ್ತನೆಯ ಕಲ್ಲಿನ ಗುಡಿಯೂ ಒಂದಿದೆ. ಇತಿಹಾಸದ ಮಾಸ್ತರುಗಳು ಹುಡುಗರನ್ನು ಕರಕೊಂಡು ಬಂದು, ಕಂಬದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಊರ ಕೊನೆಗೆ ಮಾದರ ಓಣಿ. ಅಲ್ಲಿತನಕ ಯಾರೂ ಬರುವುದಿಲ್ಲ. ನೋಡುವಂಥದ್ದು ಅಲ್ಲಿ ಏನೂ ಇಲ್ಲ ಅಂತ ನೋಡದೆಯೇ ಗೊತ್ತು ಅವರಿಗೆ.

ಈ ಊರಿಗೆ ಟಿವಿ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ, ನಾನು ಆರನೇ ಇಯತ್ತೆ ಓದುವಾಗ. ಊರಿಗೆ ಬಂತು ಅಂದರೆ ಓಣಿಗೆ ಬಂತು ಅಂತ ತಿಳಿಯಬಾರದು. ಒಬ್ಬ ಧಣಿಯ ಪಡಸಾಲೆಗೆ ಬಂತು. ಒಳಗೆ ಅವರ ಮನೆಯವರು, ಕಟ್ಟೆಯ ಮೇಲೆ ಅವರ ಪೈಕಿ ಮಂದಿ, ಕಿಟಕಿಯ ಹೊರಗೆ ಅಂಗಳದಲ್ಲಿ ನಾವು. ಧಣಿ ಕೆಟ್ಟವನಲ್ಲ, ನಮಗಾಗಿ ಕಿಟಕಿ ತೆರೆದಿಡಿಸುತ್ತಿದ್ದ. ಅಷ್ಟರ ಮಟ್ಟಿಗೆ ದೊಡ್ಡ ಮನುಷ್ಯ. ಚಿತ್ರ ಕುಣಿಯಲಿಕ್ಕೆ ಹತ್ತಿದರೆ ಅಂಟೆನಾ ತಿರುಗಿಸಬೇಕು. ಮಾಳಿಗೆ ಏರುವ ಕೆಲಸ ನಮ್ಮದು. ಮನೆಯೊಳಗಿನ ನಿಚ್ಚಣಿಕೆ ಬೇರೆ, ಹೊರಗಿನ ಗೋಡೆಗೆ ಆನಿಸಿದ ಏಣಿ ಬೇರೆ. ನಾವು ಏಣಿ ಹತ್ತಿ ಅಂಟೆನಾ ಹಿಡಿದು ತಿರುಗಿಸುತ್ತ “ಬಂತೇನ್ರೀ?” ಅಂತ ಒದರುವುದು, ಒಳಗಿನವರು “ಇನ್ನೊಂಚೂರು, ಇನ್ನೊಂಚೂರು, ಹಾಂ! ಹಿಡಕೊಂಡು ನಿಂದ್ರಲೇ!” ಅನ್ನುವುದು. ಹಿಡಿದು ನಿಂತವನಿಗೆ ಚಿತ್ರ ಕಾಣುತ್ತಿರಲಿಲ್ಲ. ಊರಿನ ಎಲ್ಲರಿಗಿಂತ ಮೇಲೆ ನಿಂತು ಏನೂ ಕಾಣದೆ ಇರುವುದು ಹೇಗಿರುತ್ತದೆ ಎನ್ನುವುದನ್ನು ನಾನು ಹನ್ನೊಂದನೇ ವಯಸ್ಸಿಗೇ ಕಲಿತೆ.

ಆ ದಿನಗಳಲ್ಲಿ ದೂರದರ್ಶನ ಭಾನುವಾರ ಮುಂಜಾನೆ ‘ಸ್ಟಾರ್ ಟ್ರೆಕ್’ ಅಂತ ಒಂದು ಅಮೆರಿಕದ ಧಾರಾವಾಹಿ ತೋರಿಸುತ್ತಿತ್ತು. ಅಲ್ಲಿ ಅದು 1966ರಿಂದ 1969ರತನಕ ನಡೆದು ನಿಂತು ಹೋಗಿತ್ತು. ಇಲ್ಲಿಗೆ ಬರಲು ಹದಿನೈದು-ಇಪ್ಪತ್ತು ವರ್ಷ ಹಿಡಿಯಿತು. ಮಾತೆಲ್ಲ ಇಂಗ್ಲಿಷು. ಧಣಿಗೂ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ. ಊರಿನಲ್ಲಿ ನಮಗೂ ಅವರಿಗೂ ಸಮಾನತೆ ಇದ್ದದ್ದು ಆ ಒಂದು ತಾಸು ಮಾತ್ರ. ಮುಗಿಲಿನಲ್ಲಿ ಒಂದು ಹಡಗು, ಅದರೊಳಗೆ ಚೂಪು ಕಿವಿಯ ಒಬ್ಬ, ಕರಿ ಬಣ್ಣದ ಒಬ್ಬ ಹೆಣ್ಣುಮಗಳು, ಬಾಗಿಲು ತಾವೇ ತೆರೆಯುವವು, ಮನುಷ್ಯರು ಕಾಣದಂತಾಗಿ ಇನ್ನೊಂದು ಗ್ರಹದಲ್ಲಿ ಇಳಿಯುವರು.

ನನ್ನ ಕಾಕಾ, ಅಂದರೆ ನಮ್ಮಪ್ಪನ ಸಣ್ಣ ತಮ್ಮ, ದೂರದ ಪ್ಯಾಟಿಯೊಂದರಲ್ಲಿ ಗುತ್ತೇದಾರನ ಕೈಕೆಳಗೆ ದುಡಿಯುತ್ತಿದ್ದ. ಗಟಾರು ಬಳಿಯುವುದು, ಪಾಯಖಾನಿ ಗುಂಡಿ ತೆಗೆಯುವುದು. ಜಾತ್ರೆಗೆಂದು ಬಂದವನು ಒಂದು ಭಾನುವಾರ ನನ್ನ ಹಿಂದೆ ಅಂಗಳದಲ್ಲಿ ನಿಂತು ಆ ಹಡಗು ನೋಡಿದ. ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ನನ್ನ ಕಿವಿಯಲ್ಲಿ ಕೇಳಿದ:

“ತಮ್ಮಾ, ಇಷ್ಟ ಮಂದಿ ಅದಾರಲ್ಲ ಈ ಹಡಗದಾಗ, ಇವರ ಪಾಯಖಾನಿ ಯಾರು ಬಳೀತಾರ?”

ನಾನು ನಕ್ಕೆ. ಕಾಕಾ ನಗಲಿಲ್ಲ. “ಕಾಣಾಕ ಹತ್ತಿಲ್ಲ ಅಂದ್ರ ಎಲ್ಲ್ಯರೆ ತೆಳಗ ಇಟ್ಟಿರ್ತಾರ ಅವರನ್ನ” ಅಂದ.

ಈ ಪ್ರಶ್ನೆಗೆ ಉತ್ತರ ಸಿಕ್ಕದ್ದು 2020ರಲ್ಲಿ. ಲಾಕ್‌ಡೌನು, ಶಾಲೆ ಮುಚ್ಚಿತ್ತು, ನಾನೀಗ ಹಳ್ಳಿಯ ಮಾಸ್ತರ. ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಹಳೇ ಸ್ಟಾರ್ ಟ್ರೆಕ್ಕಿನ ಕಂತುಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ನಾನೂ ಪಕ್ಕಕ್ಕೆ ಕೂತೆ. ಈಗ ಇಂಗ್ಲಿಷು ತಿಳಿಯುತ್ತದೆ, ಕೆಳಗೆ ಅಕ್ಷರವೂ ಬರುತ್ತದೆ. ಒಂದು ಕಂತು ಬಂತು, ‘ದಿ ಕ್ಲೌಡ್ ಮೈಂಡರ್ಸ್’ ಅಂತ. ಅದರಲ್ಲೊಂದು ಗ್ರಹ. ಹೆಸರು ಅರ್ಡಾನಾ.

ಗೆಳೆಯರೆ, ಈ ಗ್ರಹದ ಸಂಗತಿ ನಿಮಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಲ್ಲದ ಗ್ರಹ ಅಂತ ಗೊತ್ತು. ಆದರೆ ಇಲ್ಲದ್ದರ ಬಗ್ಗೆ ಬರೆಯುವಾಗಲೇ ಕೆಲವರು ಇದ್ದದ್ದನ್ನು ಬರೆದುಬಿಡುತ್ತಾರೆ.

ಅರ್ಡಾನಾದ ಮೇಲೆ ಮುಗಿಲಿನಲ್ಲಿ ತೇಲುವ ಒಂದು ಪಟ್ಟಣ ಇದೆ. ಸ್ಟ್ರಾಟೋಸ್. ಅಲ್ಲಿಯವರು ಚಿತ್ರ ಬಿಡಿಸುತ್ತಾರೆ, ಶಿಲ್ಪ ಕಡೆಯುತ್ತಾರೆ, ಜ್ಞಾನದ ಚರ್ಚೆ ಮಾಡುತ್ತಾರೆ. ತಮ್ಮಲ್ಲಿ ಹಿಂಸೆ ಎಂಬುದೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೆಲದ ಕೆಳಗೆ ಗಣಿ ಇದೆ. ಅಲ್ಲಿ ಜೀನೈಟ್ ಎಂಬ ಅದಿರು ತೆಗೆಯುವವರು ಟ್ರಾಗ್ಲೈಟರು. ಮೇಲಿನವರ ಅನ್ನ, ಬಟ್ಟೆ, ಬಣ್ಣ, ಬೆಳಕು ಎಲ್ಲ ಇವರ ದುಡಿಮೆಯಿಂದ. ಇವರು ಮೇಲೆ ಬರಬೇಕಾದರೆ ಪರವಾನಗಿ ಚೀಟಿ ಬೇಕು. ಮೆಟ್ಟಿಲು ಅಂತ ಇಲ್ಲವೇ ಇಲ್ಲ. ಹಿಂದೂ ಸಮಾಜ ನಿಚ್ಚಣಿಕೆಯೇ ಇಲ್ಲದ ಅಂತಸ್ತುಗಳ ಗೋಪುರ ಎಂಬ ಮಾತನ್ನು ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ದ ಮೊದಲ ಸಂಚಿಕೆಯಲ್ಲೇ ಬರೆದಿದ್ದರು. ಅಮೆರಿಕದವರು ಗೋಪುರವನ್ನು ನೆಲದಿಂದ ಕಿತ್ತು ಮುಗಿಲಿಗೆ ತೇಲಿಬಿಟ್ಟರು, ಅಷ್ಟೇ ಫರಕು.

ಮೇಲಿನ ಪಟ್ಟಣದ ಹಿರಿಯ ಪ್ಲಾಸಸ್. ಅವನ ಮಗಳು ಡ್ರಾಕ್ಸಿನ್, ನಯವಾದ ಮಾತಿನ ಚೆಲುವೆ. ಟ್ರಾಗ್ಲೈಟರು ಯಾಕೆ ಮೇಲೆ ಬರುವುದಿಲ್ಲ ಅಂತ ಕೇಳಿದರೆ, ಅವರ ಕಣ್ಣಿಗೆ ಬೆಳಕು ಒಗ್ಗುವುದಿಲ್ಲ, ಅವರ ಬುದ್ಧಿಗೆ ತರ್ಕ ಒಗ್ಗುವುದಿಲ್ಲ ಎಂಬರ್ಥದಲ್ಲಿ ಹೇಳುತ್ತಾಳೆ. ಸಿಟ್ಟಿನಿಂದಲ್ಲ, ಮಳೆ ಬಿಸಿಲಿನ ಸಂಗತಿ ಹೇಳಿದಂತೆ ಹೇಳುತ್ತಾಳೆ. ಅಲ್ಲಿಗೆ ನಾನು ಮಗಳಿಗೆ “ನಿಲ್ಲಿಸವ್ವಾ ಒಂಚೂರು” ಅಂದೆ. ಯಾಕಂದರೆ ಆ ಮಾತನ್ನು ಅದೇ ದನಿಯಲ್ಲಿ ನಾನು ಮೊದಲೇ ಕೇಳಿದ್ದೆ.

ಎಂಟನೇ ಇಯತ್ತೆಗೆ ನಾನು ಬೇರೆ ಊರಿನ ಹೈಸ್ಕೂಲಿಗೆ ನಡಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಅಪ್ಪ ತೊಗಲು ಹದ ಮಾಡುತ್ತಿದ್ದ. ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಹೆರೆಯುವುದು, ಆಮೇಲೆ ತಂಗಡಿ ತೊಗಟೆಯ ನೀರಿನ ಬಾನಿಗೆ ಹಾಕುವುದು. ಬಾನಿಯ ಪಕ್ಕದಲ್ಲೇ ನಾವು ಮಲಗುವುದು, ಉಣ್ಣುವುದು, ಬುಡ್ಡಿ ದೀಪಕ್ಕೆ ಓದುವುದು. ಸುಣ್ಣದ ಝಳಕ್ಕೆ ಕಣ್ಣು ಉರಿಯುತ್ತಿದ್ದವು. ಮೈಯಲ್ಲಿ ಬಾನಿಯ ವಾಸನೆ ಇರುತ್ತಿತ್ತು; ಬಾಗಿಲ ಹತ್ತಿರ ಕೂಡ್ರಿಸುತ್ತಿದ್ದರು. ಗಣಿತದ ಒಬ್ಬ ಮಾಸ್ತರ ನನ್ನ ಪಾಟಿ ನೋಡಿ, ಬೈಯದೆ, ಹೊಡೆಯದೆ, ಕನಿಕರದಿಂದ ಹೇಳಿದ: “ಬಿಡೋ ತಮ್ಮಾ, ನಿಮ್ಮ ಮಂದಿ ತಲಿಗೆ ಇದು ಹತ್ತೂದಿಲ್ಲ. ಅದು ನಿಮ್ಮ ತಪ್ಪಲ್ಲ.” ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಕನಿಕರ ನೋಡಿರಿ, ಅದು ಹೋಗಲಿಲ್ಲ. ಎರಡು ವರ್ಷ ನಾನು ಅದನ್ನು ನಂಬಿದೆ. ಪಿಯುಸಿಗೆ ಗದಗಿನ ಹಾಸ್ಟೆಲ್ಲಿಗೆ ಬಂದಾಗ ರಾತ್ರಿ ಹತ್ತರ ತನಕ ವಿದ್ಯುತ್ ದೀಪ, ಎರಡು ಹೊತ್ತು ಊಟ, ಪಕ್ಕದಲ್ಲಿ ಓದುವ ಹುಡುಗರು. ಆರು ತಿಂಗಳಲ್ಲಿ ಲೆಕ್ಕಗಳು ತಾವಾಗಿಯೇ ಬಿಡಲಿಕ್ಕೆ ಹತ್ತಿದವು. ತಲೆ ಅದೇ ಇತ್ತು.

ಅರ್ಡಾನಾದ ಕಥೆ ಇದೇ ಇದೆ. ಹಡಗಿನ ಡಾಕ್ಟರ ಅದಿರನ್ನು ಪರೀಕ್ಷೆ ಮಾಡುತ್ತಾನೆ. ಶುದ್ಧ ಮಾಡದ ಜೀನೈಟಿನಿಂದ ಒಂದು ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನು ಉಸಿರಾಡಿದವರ ಬುದ್ಧಿ ಮಂಕಾಗುತ್ತದೆ, ಸಿಟ್ಟು ಏರುತ್ತದೆ. ಗಣಿಯಿಂದ ದೂರ ಇಟ್ಟರೆ ಸರಿಹೋಗುತ್ತದೆ. ಗಣಿ ಕೆಲಸದ ವಾನ್ನಾ ಎಂಬ ಹೆಣ್ಣುಮಗಳನ್ನು ಮನೆಯ ಚಾಕರಿಗೆಂದು ಮೇಲಿನ ಪಟ್ಟಣಕ್ಕೆ ಕರೆತಂದಿದ್ದರು. ಶುದ್ಧ ಗಾಳಿಗೆ ಬಂದ ಮೇಲೆ ಅವಳ ತಲೆ ತಿಳಿಯಾಯಿತು. ತಿಳಿಯಾದ ತಲೆಗೆ ಮೊದಲು ಕಂಡದ್ದು ಅನ್ಯಾಯ. ಕೆಳಗೆ ಹೋಗಿ ಬಂಡಾಯದ ಗುಂಪು ಕಟ್ಟಿದಳು. ಅವಳ ಗುಂಪಿನವನೊಬ್ಬ ಮೇಲಿನವರ ಕೈಗೆ ಸಿಕ್ಕಾಗ ವಿಚಾರಣೆಗೆ ಒಪ್ಪದೆ ಮುಗಿಲ ಪಟ್ಟಣದ ಅಂಚಿನಿಂದ ಜಿಗಿಯುತ್ತಾನೆ. ಹಿಂಸೆ ಇಲ್ಲದ ಆ ಊರಿನಲ್ಲಿ ವಾನ್ನಾಳನ್ನು ಕಟ್ಟಿ ನಿಲ್ಲಿಸಿ ಕಿರಣಗಳಿಂದ ಹಿಂಸಿಸುತ್ತಾರೆ. ಕಲೆಯ ಊರಿನಲ್ಲಿ ಅದಕ್ಕೂ ಅಂದವಾದ ಒಂದು ವೇದಿಕೆ ಮಾಡಿಟ್ಟಿದ್ದಾರೆ.

ಅನಿಲದ ಮಾತನ್ನು ಪ್ಲಾಸಸ್ ನಂಬುವುದಿಲ್ಲ. ಎಷ್ಟು ತಿಳಿಸಿ ಹೇಳಿದರೂ ನಂಬುವುದಿಲ್ಲ. ಕೊನೆಗೆ ಹಡಗಿನ ನಾಯಕ ಕಿರ್ಕ್ ಅವನನ್ನೇ ಬಾಯಿ ಮುಚ್ಚಿದ ಗಣಿಯೊಳಗೆ ಇಳಿಸುತ್ತಾನೆ. ಕೈಯಿಂದ ಅದಿರು ಕೆರೆಯಲು ಹಚ್ಚುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಮುಗಿಲ ಪಟ್ಟಣದ ಹಿರಿಯನೂ ಹಡಗಿನ ನಾಯಕನೂ ತಲೆಕೆಟ್ಟು ಒಬ್ಬರನ್ನೊಬ್ಬರು ಕೊಲ್ಲುವ ಹಾಗೆ ಹೊಡೆದಾಡುತ್ತಾರೆ. ಹಡಗಿಗೆ ಸುದ್ದಿ ಮುಟ್ಟಿಸಿ ಅವರಿಬ್ಬರನ್ನು ಉಳಿಸುವವಳು ವಾನ್ನಾ, ಬುದ್ಧಿ ಇಲ್ಲದ ಕುಲದವಳು. ಇದನ್ನು ನೋಡುವಾಗ ನಾನು ತೊಡೆ ತಟ್ಟಿ ನಕ್ಕೆ, ಮಗಳು ಹೆದರಿ ನನ್ನ ಮುಖ ನೋಡಿದಳು.

ಈ ಕಂತು ಅಮೆರಿಕದಲ್ಲಿ ಪ್ರಸಾರವಾದದ್ದು 1969ರ ಫೆಬ್ರುವರಿ 28ರಂದು. ಮಾರ್ಟಿನ್ ಲೂಥರ್ ಕಿಂಗ್‌ರ ಕೊಲೆಯಾಗಿ ವರ್ಷ ತುಂಬಿರಲಿಲ್ಲ. ಇಲ್ಲಿ, ಅದಕ್ಕೆ ಎರಡು ತಿಂಗಳ ಮೊದಲು, 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರಿನ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ್ದಕ್ಕೆ 44 ದಲಿತರನ್ನು, ಬಹಳಷ್ಟು ಹೆಂಗಸರು ಮಕ್ಕಳನ್ನು, ಗುಡಿಸಲಿನೊಳಗೆ ಸುಟ್ಟಿದ್ದರು. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ.

ಅರ್ಡಾನಾ ನಮ್ಮ ನಾಡಿನಲ್ಲಿ ಎಲ್ಲಿದೆ ಅಂತ ಕೇಳಿದರೆ ನಾನು ಕೋಲಾರದ ಚಿನ್ನದ ಗಣಿ ತೋರಿಸುತ್ತೇನೆ. ನಮ್ಮ ಕಪ್ಪತಗುಡ್ಡದ ಸುತ್ತಲೂ ಹೋದ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಬಂಗಾರ ತೆಗೆದು ಬಿಟ್ಟುಹೋದವು. ಅದು ಸಣ್ಣ ಸಂಗತಿ. ಕೋಲಾರದ್ದು ಹಾಗಲ್ಲ. ಸಂಘಟನೆಯ ಕೆಲಸಕ್ಕೆಂದು ಒಮ್ಮೆ ಅಲ್ಲಿಗೆ ಹೋಗಿದ್ದೆ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಅಗೆಯಿತು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಗಣಿಗೆ ಇಳಿದವರು ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ ಇಳಿಯಿತು. ಅಲ್ಲಿಯ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಎಳೆದು ತಂದದ್ದು ಈ ಗಣಿಗೆ. ಬೆಳಕು ಬಂತು, ಬಂಗಾರ ಹೊರಗೆ ಬಂತು, ಇಳಿದವರ ಪುಪ್ಪುಸದಲ್ಲಿ ಕಲ್ಲಿನ ದೂಳು ಉಳಿಯಿತು. ಸಿಲಿಕೋಸಿಸ್ ಅದರ ಹೆಸರು. ಅದಕ್ಕೂ ಬಣ್ಣ ವಾಸನೆ ಇಲ್ಲ. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಸೈನೈಡ್ ಮಣ್ಣಿನ ಗುಡ್ಡಗಳು ಇನ್ನೂ ನಿಂತಿವೆ. ಗಾಳಿ ಬೀಸಿದರೆ ಓಣಿಗಳ ಮೇಲೆ ದೂಳು ಏಳುತ್ತದೆ.

ಆ ಗಣಿಯ ಊರಿನಲ್ಲಿ ಗಣಿ ಕಾರ್ಮಿಕರಿಗಿಂತಲೂ ಕೆಳಗೆ ಇನ್ನೊಂದು ಪದರ ಇತ್ತು. ಕಾರ್ಮಿಕರ ಕಾಲೊನಿಗಳ ಒಣ ಪಾಯಖಾನೆ ಬಳಿಯುವವರು. ಹಡಗು ಬಿಡಿ, ಅರ್ಡಾನಾದಲ್ಲಿಯೂ ಈ ಪದರವನ್ನು ತೋರಿಸಿಲ್ಲ. ಟ್ರಾಗ್ಲೈಟರ ಪಾಯಖಾನೆ ಯಾರು ಬಳಿಯುತ್ತಿದ್ದರೋ. ಅಂಥ ಒಂದು ಮನೆಯಲ್ಲಿ, ಸ್ಟಾರ್ ಟ್ರೆಕ್ ಶುರುವಾದ 1966ರಲ್ಲೇ, ಬೆಜವಾಡ ವಿಲ್ಸನ್ ಹುಟ್ಟಿದರು. ಓದಿದರು, ತಿರುಗಿ ಬಂದು ತಮ್ಮ ಮಂದಿ ಏನು ಮಾಡುತ್ತಿದ್ದಾರೆ ಅಂತ ನೋಡಿದರು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವಾನ್ನಾಳ ಪಾತ್ರ ನೋಡುವಾಗ ನನ್ನ ಕಣ್ಣ ಮುಂದೆ ಬಂದದ್ದು ಇವರು. ನಾನು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಗ್ರಹದ ಸುದ್ದಿ ಹೇಳುತ್ತ ಹೇಳುತ್ತ ಇಲ್ಲಿತನಕ ತಳ್ಳಿಕೊಂಡು ಬಂದೆ.

ಕಾಕಾ ಸತ್ತದ್ದು 1998ರಲ್ಲಿ.

ಗುಂಡಿಗೆ ಇಳಿಯುವ ಮುಂಚೆ ಕಾಕಾ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ದೀಪ ಆರಿದರೆ ಗಾಳಿ ಇಲ್ಲ, ಆರದಿದ್ದರೆ ಇಳಿಯಬಹುದು. ಹಾಳು ಬಾವಿಗೆ ಇಳಿಯುವವರು ಹಿಂದಿನಿಂದ ಮಾಡಿಕೊಂಡು ಬಂದ ಉಪಾಯ ಅದು. ಆದರೆ ಪಾಯಖಾನಿ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡಿನ ಮುಂದೆ ಈ ಉಪಾಯ ನಡೆಯುವುದಿಲ್ಲ. ದೀಪ ಉರಿಯುವಷ್ಟು ಗಾಳಿ ಇದ್ದಲ್ಲಿಯೂ ಮನುಷ್ಯನನ್ನು ಕೊಲ್ಲುವಷ್ಟು ವಿಷ ಇರಬಹುದು. ಮೀಥೇನ್ ತುಂಬಿದ್ದರಂತೂ ದೀಪವೇ ಬೆಂಕಿ ಹಚ್ಚುತ್ತದೆ. ಈ ಸಲ್ಫೈಡು ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ನಾತ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಇಳಿದವನು ನಾತ ಹೋಯಿತು, ಬಚಾವಾದೆ ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಮೊಣಕಾಲು ಮಡಚಿರುತ್ತವೆ. ಇದನ್ನೆಲ್ಲ ನಾನು ಈಗ ಹತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ. ಕಾಕಾನಿಗೆ ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಲಿಲ್ಲ. ನಾನೂ ತೋರಿಸಲಿಲ್ಲ, ವಿಜ್ಞಾನ ಓದಿ, ಮಾಸ್ತರಕಿ ಸಿಕ್ಕು ಎರಡು ವರ್ಷ ಆಗಿತ್ತು.

ಅವತ್ತು ಗುಂಡಿಯ ಮೇಲೆ ಬುಟ್ಟಿಯ ಹಗ್ಗ ಹಿಡಿದು ನಿಂತವನು ಬೆಟಗೇರಿ ಕಡೆಯ ಒಬ್ಬ. ಹಗ್ಗ ಸಡಿಲಾದದ್ದು ಕಂಡು ಅವನೂ ಅರ್ಧ ಇಳಿದ, ತಲೆ ತಿರುಗಿತು, ಮಂದಿ ರಟ್ಟೆ ಹಿಡಿದು ಜಗ್ಗಿದರು. ಅವನು ಉಳಿದ. ಪೊಲೀಸರಿಲ್ಲ, ಪಂಚನಾಮೆ ಇಲ್ಲ, ಹೆಣ ಕೊಯ್ಯಲಿಲ್ಲ. ಅದೇ ರಾತ್ರಿ ಟೆಂಪೋದಲ್ಲಿ ಹರ್ತಿಗೆ ತಂದರು. ತಾಡಪಾಲಿನಲ್ಲಿ ಸುತ್ತಿದ್ದರು. ಮೈ ತೊಳೆಸಿ ತಂದಿದ್ದರು, ಅದೊಂದು ಉಪಕಾರ.

ಮೂರನೇ ದಿನಕ್ಕೆ ಗುತ್ತೇದಾರ ನಮ್ಮನ್ನು ಕರೆಸಿಕೊಂಡ. ನಾನು, ಅಪ್ಪ, ಕಾಕಿ ಹೋದೆವು. ಅವನ ಮನೆಯ ಮುಂದಿನ ಕೋಣೆ. ಅಪ್ಪ ಅಭ್ಯಾಸದಂತೆ ಬಾಗಿಲ ಹೊರಗೆ ಕೂತ, ಕಾಕಿ ಅವನ ಪಕ್ಕ. ಗುತ್ತೇದಾರ ನನ್ನನ್ನು ನೋಡಿ “ಬರ್ರಿ ಮಾಸ್ತರ, ಒಳಗ ಬರ್ರಿ, ಕುರ್ಚಿ ಮ್ಯಾಲ ಕೂಡ್ರಿ” ಅಂದ. ಕುರ್ಚಿ ಬೆತ್ತದ್ದು. ಅಂಥವರ ಮನೆಯಲ್ಲಿ ನನಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಎಲ್ಲರಿಗೂ ಕೊಡುವಂಥ ಲೋಟ. ಅಪ್ಪ ಹೊರಗಿನಿಂದ ನನ್ನನ್ನು ನೋಡುತ್ತಿದ್ದ. ಅವನ ಕಣ್ಣಿನಲ್ಲಿ ದುಃಖದ ಜೊತೆಗೆ ಒಂದು ಹೆಮ್ಮೆಯೂ ಇತ್ತು, ಅದನ್ನು ನಾನು ಕಂಡೆ. ಗುತ್ತೇದಾರ ಛಾಪಾ ಕಾಗದ ತೆಗೆದ. “ನೀವು ಓದಿದವರದೀರಿ, ನಿಮಗ ತಿಳೀತೈತಿ. ಕೋರ್ಟು ಕಚೇರಿ ಅಂತ ಅಲಿಯೂದರಾಗ ಏನದ? ನೀವ ಓದಿ ಅವರಿಗೆ ತಿಳಿಸಿ ಹೇಳ್ರಿ.”

ಕಾಗದದಲ್ಲಿ ಬರೆದದ್ದು ಇಷ್ಟು: ಮೃತನು ಕುಡಿದ ಅಮಲಿನಲ್ಲಿ ಕಾಲು ಜಾರಿ ಗುಂಡಿಯಲ್ಲಿ ಬಿದ್ದಿರುತ್ತಾನೆ, ಸದರಿ ದಿವಸ ಆತನಿಗೆ ಯಾವ ಕೆಲಸವನ್ನೂ ಹೇಳಿರುವುದಿಲ್ಲ, ಮಾನವೀಯತೆಯ ದೃಷ್ಟಿಯಿಂದ ರೂ. 8,000 ಕೊಡಲಾಗಿದೆ. ಕಾಕಾ ಕುಡಿಯುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಕುಡಿಯದೆ ಆ ಗುಂಡಿಗೆ ಇಳಿಯುವ ಒಬ್ಬನನ್ನು ನನಗೆ ತೋರಿಸಿರಿ. ಆದರೆ ಜಾರಿ ಬಿದ್ದಿರಲಿಲ್ಲ. ನನಗೆ ಗೊತ್ತಿತ್ತು. ಓದಿದೆ. ದೊಡ್ಡ ದನಿಯಲ್ಲಿ, ಕಾಕಿಗೆ ಕೇಳುವ ಹಾಗೆ, ಶಾಲೆಯಲ್ಲಿ ಪಾಠ ಓದಿದಂತೆ ಓದಿದೆ. ಕಾಕಿ ಕೇಳಿದಳು: “ಹೆಬ್ಬಟ್ಟ ಒತ್ತಲೇನೊ ತಮ್ಮಾ?”

“ಒತ್ತವಾ” ಅಂದೆ.

ಆ ಕುರ್ಚಿಯಲ್ಲೂ ಒಂದು ಗ್ಯಾಸು ಇತ್ತು ಗೆಳೆಯರೆ. ಅರ್ಡಾನಾ ಬರೆದವರಿಗೆ ಅದು ಗೊತ್ತಿರಲಿಲ್ಲ. ಅವರ ಕಥೆಯಲ್ಲಿ ಕೆಳಗಿನ ಗಾಳಿ ಮಾತ್ರ ಕೆಟ್ಟದ್ದು, ಮುಗಿಲ ಗಾಳಿ ಶುದ್ಧ.

ಕಾನೂನು ಇರಲಿಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ ಎಪ್ಪತ್ತರ ದಶಕದಲ್ಲೇ ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದ್ದರು. ಕೇಂದ್ರದ ಕಾನೂನು 1993ರಲ್ಲಿ ಬಂತು, ಇನ್ನೊಂದು 2013ರಲ್ಲಿ ಬಂತು. ಕಾನೂನುಗಳ ನಡುವೆಯೇ, 2010ರ ಜುಲೈಯಲ್ಲಿ, ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಅವತ್ತು ಪೇಪರ್ ಓದಿದ ಎಷ್ಟೋ ಮಂದಿ ‘ಛೀ’ ಅಂದರು. ದಿನಾ ಹೊತ್ತಾಗ ಅನ್ನದವರು ಸುರಿದುಕೊಂಡಾಗ ಅಂದರು.

2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: 1993ರಿಂದ ಈಚೆಗೆ ಒಳಚರಂಡಿ, ಗುಂಡಿಗಳಲ್ಲಿ ಸತ್ತವರ ಕುಟುಂಬಗಳನ್ನು ಹುಡುಕಿ ತಲಾ 10 ಲಕ್ಷ ಕೊಡಬೇಕು. 2023ರ ಅಕ್ಟೋಬರಿನಲ್ಲಿ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಒಳ್ಳೆಯ ತೀರ್ಪುಗಳು. ಆದರೆ 2013ರ ಕಾನೂನನ್ನು ಮಾಸ್ತರ ಬುದ್ಧಿಯಿಂದ ಸಾಲು ಸಾಲಾಗಿ ಓದಿ ನೋಡಿರಿ. ಗುಂಡಿಗೆ ಮನುಷ್ಯನನ್ನು ಇಳಿಸುವುದೇ ಅಪರಾಧ ಅಂತ ಇಲ್ಲ. ರಕ್ಷಣೆಯ ಸಲಕರಣೆ ಕೊಡದೆ ಇಳಿಸಿದರೆ ‘ಅಪಾಯಕಾರಿ ಶುಚಿಗೊಳಿಸುವಿಕೆ’. ಸಲಕರಣೆ ಕೊಟ್ಟು ಇಳಿಸಿದರೆ ಅದು ಆ ಹೆಸರಿನೊಳಗೆ ಬರುವುದಿಲ್ಲ.

ಅರ್ಡಾನಾದ ಕೊನೆಗೂ ಇದೇ ಆಗುತ್ತದೆ. ಕಿರ್ಕ್ ಗಣಿಯವರಿಗೆ ಮುಖವಾಡ ಕೊಡಿಸುತ್ತಾನೆ, ಅನಿಲ ಸೋಸುವ ಮುಖವಾಡ. ಅವನಿಗೆ ಬೇಕಾದ ಜೀನೈಟು ಸಿಗುತ್ತದೆ. ಬೇರೊಂದು ಗ್ರಹದ ಬೆಳೆಗೆ ಬಿದ್ದ ರೋಗ ವಾಸಿಮಾಡಲಿಕ್ಕೆ ಅದು ಬೇಕಾಗಿತ್ತು. ಹಡಗು ಹೋಗುತ್ತದೆ. ಪಟ್ಟಣ ಮುಗಿಲಿನಲ್ಲೇ ತೇಲುತ್ತಿರುತ್ತದೆ, ಗಣಿಯವರು ಮುಖವಾಡ ಹಾಕಿಕೊಂಡು ಗಣಿಯಲ್ಲೇ ಇರುತ್ತಾರೆ. ಮೂಲ ಕಥೆ ಕಟ್ಟಿದವರಲ್ಲಿ ಒಬ್ಬನಾದ ಡೇವಿಡ್ ಗೆರಾಲ್ಡ್ ಈ ಮುಕ್ತಾಯ ತನಗೆ ಸೇರಲಿಲ್ಲ ಅಂತ ಆಮೇಲೆ ಬರೆದುಕೊಂಡ. ಗುಲಾಮರಿಗೆ ಮುಖವಾಡ ತೊಡಿಸಿ ಕೆಲಸ ಮುಂದುವರಿಸಿದಂತಾಯಿತು ಎಂಬುದು ಅವನ ಸಿಟ್ಟು. ವಿಲ್ಸನ್ ಮತ್ತು ಅವರ ಸಂಗಾತಿಗಳೂ ಇಷ್ಟು ವರ್ಷ ಇದನ್ನೇ ಒದರುತ್ತ ಬಂದಿದ್ದಾರೆ. ಮುಖವಾಡ ಬೇಡ, ಯಂತ್ರ ಇಳಿಸಿರಿ, ಮನುಷ್ಯ ಇಳಿಯುವುದು ಬೇಡ. ಮಂಗಳ ಗ್ರಹದ ಸುತ್ತ ನೌಕೆ ತಿರುಗಿಸಿದ ದೇಶ ಇದು, 2014ರಲ್ಲಿ, ಆ ತೀರ್ಪು ಬಂದ ವರ್ಷವೇ. ಹತ್ತು ಅಡಿ ಕೆಳಗೆ ಹೋಗಲಿಕ್ಕೆ ಇನ್ನೂ ನಮ್ಮ ಕಾಕಾ ಬೇಕು.

ಕಾಕಿ ಈಗ ಎಪ್ಪತ್ತರ ಆಚೆ. ತೀರ್ಪಿನ ಸುದ್ದಿ ನಾನು ಅವಳಿಗೆ ಬಹಳ ತಡವಾಗಿ ಹೇಳಿದೆ. ಹೇಳಿದರೆ ಛಾಪಾ ಕಾಗದದ ಮಾತು ಬರುತ್ತದೆ ಎಂಬ ಹೆದರಿಕೆ. ಅರ್ಡಾನಾ ನೋಡಿದ ಮೇಲೆ ನಾಲ್ಕಾರು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಹೋಗಿ ಹೇಳಿದೆ. ಅರ್ಜಿ ಕೊಟ್ಟೆವು. ಕಚೇರಿಯಲ್ಲಿ ಎಫ್‌ಐಆರ್ ಕೇಳಿದರು, ಹೆಣ ಕೊಯ್ದ ವರದಿ ಕೇಳಿದರು, ಅವತ್ತು ಅವನು ಕೆಲಸಕ್ಕೆ ಇಳಿದದ್ದಕ್ಕೆ ಸಾಕ್ಷಿ ಕೇಳಿದರು. ನಮ್ಮ ಹತ್ತಿರ ಇರುವ ಕಾಗದ ಒಂದೇ, ಅದು ಅವನು ಇಳಿಯಲಿಲ್ಲ ಅನ್ನುತ್ತದೆ. ಅದನ್ನು ಓದಿ ಹೇಳಿದವನು ನಾನೇ ಅಂತ ಬರೆದು, ಸಹಿ ಮಾಡಿ, ಅರ್ಜಿಯ ಜೊತೆಗೆ ಹಚ್ಚಿದ್ದೇನೆ. ಗುಮಾಸ್ತ ಅದನ್ನು ನೋಡಿ “ಇದೇನ್ರೀ ಮಾಸ್ತರ, ನಿಮ್ಮ ಕೈಯಾರೆ ನಿಮ್ಮ ಮ್ಯಾಲೆ ಬರಕೊಂಡೀರಿ? ನೌಕರಿ ಮಂದಿ ನೀವು” ಅಂದ. ತೆಗೆದುಬಿಡಿರಿ ಅಂದ. ತೆಗೆಯಲಿಲ್ಲ.

ಮೊನ್ನೆ ಹರ್ತಿಗೆ ಹೋದಾಗ ಮಗಳು ಅಜ್ಜಿಗೆ ಅರ್ಡಾನಾ ತೋರಿಸಿದಳು. ಮಾತು ತಿಳಿಯದ್ದಕ್ಕೆ ನಾನು ಪಕ್ಕದಲ್ಲಿ ಕೂತು ಹೇಳುತ್ತ ಹೋದೆ. ಮುಗಿಲ ಪಟ್ಟಣ ಕಂಡಾಗ ಕಾಕಿ “ಯವ್ವಾ, ಬೀಳೂದಿಲ್ಲೇನು ಅದು?” ಅಂದಳು. ಗಣಿ ಕಂಡಾಗ ಸುಮ್ಮನಾದಳು. ಪ್ಲಾಸಸ್ ಗಣಿಯಲ್ಲಿ ಬಿದ್ದು ಒದ್ದಾಡುವಾಗ ನಾನು ನಕ್ಕಂತೆ ನಗಲಿಲ್ಲ. “ಪಾಪ, ಅವನ್ನ ಮ್ಯಾಲ ಎತ್ತಸ್ರಿ” ಅಂದಳು. ಮುಗಿದ ಮೇಲೆ ಕೇಳಿದಳು:

“ಆ ಹುಡುಗಿ ಮುಂದ ಏನ ಮಾಡಿದ್ಲು?”

“ಗೊತ್ತಿಲ್ಲ ಕಾಕಿ. ಹಡಗ ಹೊಂಟು ಹೋತು. ಮುಂದಿಂದು ತೋರ್ಸಿಲ್ಲ.”

ಕಾಕಿ ಸೆರಗಿನ ಗಂಟು ಬಿಚ್ಚಿ ಅಡಿಕೆಲೆ ತೆಗೆದಳು. ಒಂದು ಗಳಿಗೆ ಬಿಟ್ಟು ಹೇಳಿದಳು: “ಅವತ್ತ ಹಗ್ಗ ಹಿಡದಿದ್ನಲ್ಲ, ಅಂವ ಇನ್ನೂ ಅದಾನಂತ. ಬೆಟಗೇರಿ ಸಂತ್ಯಾಗ ನಮ್ಮ ತಂಗಿ ಮಗ ನೋಡಿದ್ನಂತ. ಕಣ್ಣ ಕಾಣೂದಿಲ್ಲಂತ ಈಗ. ಆದ್ರ ಬಾಯಿ ಅದ.”

ನಾಳೆ ಮುಂಜಾನೆ ಮೊದಲ ಬಸ್ಸಿಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಕಾಕಾನ ಫೋಟೋ ಬೇಕಾಗುತ್ತದೇನೊ ಅಂತ ಕಾಕಿ ಗೋಡೆಯಿಂದ ಇಳಿಸಿ ಚೀಲದಲ್ಲಿ ಇಟ್ಟಿದ್ದಾಳೆ. ಕುರುಡನಿಗೆ ಫೋಟೋ ಯಾಕೆ ಅಂತ ನಾನು ಕೇಳಲಿಲ್ಲ.